ಹದಿಹರೆಯದವರಿಗೆ ಆರೋಗ್ಯ ಸಾಕ್ಷರತೆ

ಮಧುಮೇಹ, ಅಧಿಕ ರಕ್ತದೊತ್ತಡ, ಹೃದ್ರೋಗ, ಕ್ಯಾನ್ಸರ್, ದೀರ್ಘಕಾಲದ ಶ್ವಾಸಕೋಶದ ಕಾಯಿಲೆ ಮೊದಲಾದವುಗಳನ್ನು ಅಸಾಂಕ್ರಾಮಿಕ ರೋಗಗಳೆಂದು ಕರೆಯುತ್ತಾರೆ. ಇವು ಬಹುಮಟ್ಟಿಗೆ ನಡುವಯಸ್ಸಿನಲ್ಲಿ ಪ್ರಕಟವಾಗುತ್ತವೆ. ಆದರೆ ಇವುಗಳಿಗೆ ದಾರಿ ಮಾಡಿಕೊಡುವ ತಂಬಾಕು, ಅತಿಯಾದ ಉಪ್ಪು ಮತ್ತು ಸಕ್ಕರೆ, ಕೂತಲ್ಲೇ ಕೂರುವ ಅಭ್ಯಾಸಗಳು ಬೇರೂರುವುದು ಸಾಮಾನ್ಯವಾಗಿ 10ರಿಂದ 19ರ ವಯೋಮಾನದಲ್ಲಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆಯೊಂದು 2023ರಲ್ಲಿ ಪ್ರಕಟವಾದಾಗ, ದೇಶದಲ್ಲಿ 10.1 ಕೋಟಿ ಮಧುಮೇಹಿಗಳಿದ್ದಾರೆಂದೂ ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆಂದೂ ಅಂದಾಜಿಸಲಾಗಿತ್ತು.

ಆರೋಗ್ಯ ಸಾಕ್ಷರತೆಯೆಂದರೆ ರೋಗಗಳ ಹೆಸರನ್ನು ಬಾಯಿಪಾಠ ಮಾಡಿಸುವುದಲ್ಲ. ಡಾನ್ ನಟ್‌ಬೀಮ್ ಎಂಬ ತಜ್ಞರು 2000ದಲ್ಲಿ ಇದರ ಮೂರು ಮೆಟ್ಟಿಲುಗಳನ್ನು ಗುರುತಿಸಿದರು: ಮಾಹಿತಿಯನ್ನು ಓದಿ ಅರಿಯುವುದು, ಇತರರೊಡನೆ ಚರ್ಚಿಸಿ ಅದನ್ನು ಬಳಸುವುದು, ಅದನ್ನು ವಿಮರ್ಶಿಸಿ ತನ್ನ ಪರಿಸರವನ್ನೇ ಬದಲಿಸಲು ಮುಂದಾಗುವುದು. ನಮ್ಮ ಶಾಲೆಗಳ ಪಾಠ ಹೆಚ್ಚಾಗಿ ಮೊದಲನೆಯ ಮೆಟ್ಟಿಲಿನಲ್ಲೇ ನಿಂತುಬಿಡುತ್ತದೆಯೆಂಬುದು ನಮ್ಮ ಅನಿಸಿಕೆ.

ಮೂರನ್ನೂ ಹತ್ತಿಸಿದ ಪ್ರಯೋಗವೊಂದು ದೆಹಲಿ ಮತ್ತು ಚೆನ್ನೈಗಳಲ್ಲಿ ನಡೆದಿದೆ. 'ಮೈತ್ರಿ' ಎಂಬ ಆ ಯೋಜನೆಯನ್ನು ದೆಹಲಿಯ 'ಹೃದಯ್' ಸಂಸ್ಥೆಯು ಅಮೆರಿಕದ ಸಂಶೋಧಕರ ಜೊತೆಗೂಡಿ 2004ರಿಂದ 2006ರವರೆಗೆ 32 ಶಾಲೆಗಳಲ್ಲಿ ನಡೆಸಿತು. ಆರಂಭದ ಸಮೀಕ್ಷೆಯಲ್ಲೇ ಅಚ್ಚರಿ ಕಾದಿತ್ತು: ಎಂಟನೆಯ ತರಗತಿಯವರಿಗಿಂತ ಆರನೆಯ ತರಗತಿಯ ಮಕ್ಕಳಲ್ಲೇ ತಂಬಾಕಿನ ಬಳಕೆ ಹೆಚ್ಚಾಗಿತ್ತು! ಯೋಜನೆಯಲ್ಲಿ ಉಪದೇಶದ ಭಾಷಣಗಳಿಗಿಂತ ಸಹಪಾಠಿಗಳೇ ಮುಂದಾಳುಗಳಾಗಿ ನಡೆಸಿದ ಗುಂಪು ಚರ್ಚೆಗಳು ಮುಖ್ಯವಾಗಿದ್ದವು. ಮನೆಯ ಹಿರಿಯರಿಗೂ ಅಂಚೆ ಕಾರ್ಡುಗಳು ಹೋದವು. ಎರಡು ವರ್ಷಗಳ ಬಳಿಕ ಈ ಪಾಠವಿಲ್ಲದ ಶಾಲೆಗಳಲ್ಲಿ ತಂಬಾಕಿನ ಬಳಕೆ ಶೇ. 68ರಷ್ಟು ಏರಿದ್ದರೆ, ಪಾಠವಿದ್ದ ಶಾಲೆಗಳಲ್ಲಿ ಶೇ. 17ರಷ್ಟು ಇಳಿದಿತ್ತು.

ಆಹಾರದ ವಿಷಯದಲ್ಲಿ ಪೊಟ್ಟಣದ ಹಿಂಬದಿಯೇ ಒಳ್ಳೆಯ ಪಠ್ಯಪುಸ್ತಕ. ಅಲ್ಲಿ ಕಾಣುವುದು 'ಉಪ್ಪು' ಎಂಬ ಪದವಲ್ಲ, 'ಸೋಡಿಯಂ'. ಅದನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ಲೆಕ್ಕ ಸಿಗುತ್ತದೆ. 800 ಮಿಲಿಗ್ರಾಂ ಸೋಡಿಯಂ ಎಂದರೆ 2 ಗ್ರಾಂ ಉಪ್ಪು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವಯಸ್ಕರಿಗೆ ಇಡೀ ದಿನದ ಮಿತಿ 5 ಗ್ರಾಂಗಿಂತ ಕಡಿಮೆ. ಹಾಗೆಯೇ, 100 ಮಿಲಿಲೀಟರಿಗೆ 11 ಗ್ರಾಂ ಸಕ್ಕರೆಯಿರುವ ತಂಪು ಪಾನೀಯದ 250 ಮಿಲಿಲೀಟರ್ ಬಾಟಲಿಯಲ್ಲಿ ಸುಮಾರು ಐದೂವರೆ ಚಮಚ ಸಕ್ಕರೆಯಿರುತ್ತದೆ. ಏಳನೆಯ ತರಗತಿಯ ಗಣಿತಕ್ಕೆ ಇದಕ್ಕಿಂತ ಉಪಯುಕ್ತವಾದ ಲೆಕ್ಕ ಬೇಕೆ? (ಹಪ್ಪಳ, ಉಪ್ಪಿನಕಾಯಿಗಳ ಲೆಕ್ಕವನ್ನೂ ಹಿಡಿಯಬೇಕಾದೀತು, ಮನೆಯಲ್ಲೇ ಮಾಡಿದ್ದೆಂಬ ವಿನಾಯಿತಿ ಉಪ್ಪಿಗಿಲ್ಲ.)

ಸಣಕಲು ಮಕ್ಕಳಿಗೆ ಇದಾವುದೂ ಬೇಡವೆಂಬ ನಂಬಿಕೆ ನಮ್ಮ ಮನೆಗಳಲ್ಲಿದೆ. ಪುಣೆಯ ಡಾ. ಚಿತ್ತರಂಜನ ಯಾಜ್ಞಿಕ್ ಅವರ ತಂಡವು 2003ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೆಯದನ್ನೇ ಹೇಳುತ್ತದೆ. ಪುಣೆ ಪರಿಸರದ ಗ್ರಾಮಗಳ ನವಜಾತ ಶಿಶುಗಳು ಇಂಗ್ಲೆಂಡಿನ ಶಿಶುಗಳಿಗಿಂತ ತೂಕದಲ್ಲಿ ಬಹಳ ಕಡಿಮೆಯಿದ್ದರೂ, ಅವುಗಳಲ್ಲಿ ಸ್ನಾಯು ಕಡಿಮೆಯಾದಷ್ಟು ಕೊಬ್ಬು ಕಡಿಮೆಯಾಗಿರಲಿಲ್ಲ. ತೆಳ್ಳಗಿರುವ ಭಾರತೀಯರಿಗೂ ಮಧುಮೇಹ ಬರುವುದೇಕೆಂಬುದರ ಒಂದು ಸುಳಿವು ಇಲ್ಲಿದೆ.

ಹೊರನಾಡ ಕನ್ನಡಿಗರಿಗೆ ಇನ್ನೊಂದು ತೊಡಕಿದೆ. ಮಕ್ಕಳು ಈ ಪಾಠವನ್ನು ಇಂಗ್ಲಿಷ್, ಮರಾಠಿ, ತಮಿಳು ಅಥವಾ ಹಿಂದಿಯಲ್ಲಿ ಕಲಿಯುತ್ತಾರೆ. ಮನೆಯಲ್ಲಿ ಮಾತ್ರೆ ನುಂಗುವ ಅಜ್ಜ-ಅಜ್ಜಿಯರದು ಕನ್ನಡ. ವೈದ್ಯರ ಚೀಟಿಯನ್ನು ಮೊಮ್ಮಗಳು ಕನ್ನಡದಲ್ಲಿ ವಿವರಿಸಬಲ್ಲಳಾದರೆ ಎರಡು ತಲೆಮಾರಿಗೂ ಒಟ್ಟಿಗೇ ಪಾಠವಾದಂತೆ. ಸಂಘಗಳ ರಜಾಕಾಲದ ಕನ್ನಡ ತರಗತಿಗಳಲ್ಲಿ ಇದಕ್ಕೊಂದು ಗಂಟೆ ಮೀಸಲಿಡಬಹುದು.

ಕಾನೂನಿನ ಬೆಂಬಲವೂ ಇದೆ. ಶಿಕ್ಷಣ ಸಂಸ್ಥೆಗಳಿಂದ 100 ಗಜದೊಳಗೆ ತಂಬಾಕು ಮಾರಾಟವನ್ನು 2003ರ ಕಾಯ್ದೆ ನಿಷೇಧಿಸಿದೆ. ಕೊಬ್ಬು, ಉಪ್ಪು, ಸಕ್ಕರೆ ಅಧಿಕವಾಗಿರುವ ತಿನಿಸುಗಳನ್ನು ಶಾಲೆಯ ಆವರಣದಲ್ಲೂ ಅದರಿಂದ 50 ಮೀಟರಿನೊಳಗೂ ಮಕ್ಕಳಿಗೆ ಮಾರುವಂತಿಲ್ಲವೆಂದು 2020ರ ನಿಯಮ ಹೇಳುತ್ತದೆ. ಒಂದು ಅಳತೆಪಟ್ಟಿ ಹಿಡಿದು ಶಾಲೆಯ ಗೇಟಿನಿಂದ ಅಳೆದು ನೋಡುವ ಕೆಲಸವನ್ನು ವಿದ್ಯಾರ್ಥಿಗಳಿಗೇ ವಹಿಸಬಹುದು.