ಧ್ವನಿಮಾ ವಾದದ ಟೆಕ್ಸಾಸ್ ಅಧ್ಯಾಯ: ಆಸ್ಟಿನ್, ಡಲ್ಲಾಸ್, ಹ್ಯೂಸ್ಟನ್

‘ಮಳೆ’ಗೆ ‘ಕಾಲ’ ಸೇರಿದರೆ ‘ಮಳೆಗಾಲ’. ‘ಮಳೆ ಕಾಡಿತು’ ಎಂದಾಗ ಕಕಾರ ಹಾಗೆಯೇ ಉಳಿಯುತ್ತದೆ. ಹಿಂದಿನ ಪದ ಒಂದೇ, ಎಕಾರವೂ ಅದೇ. ಮೊದಲನೆಯದು ಸಮಾಸ, ಎರಡನೆಯದು ವಾಕ್ಯ. 13ನೇ ಶತಮಾನದ ಕೇಶಿರಾಜ ಇಂಥ ಆದೇಶಗಳನ್ನು ವ್ಯಾಕರಣದ ಒಳಗೇ ಇಟ್ಟು ವಿವರಿಸಿದ. ಅಮೆರಿಕದ ರಚನಾವಾದಿ ಭಾಷಾವಿಜ್ಞಾನಿಗಳಲ್ಲಿ ಪ್ರಬಲ ಪಂಗಡ ಇದನ್ನು ಒಪ್ಪುತ್ತಿರಲಿಲ್ಲ: ಮೊದಲು ಧ್ವನಿಮಾಗಳನ್ನು, ಅಂದರೆ ಅರ್ಥಭೇದ ಮಾಡುವ ಧ್ವನಿ ಘಟಕಗಳನ್ನು, ಗುರುತಿಸಬೇಕು, ಪದ, ಸಮಾಸಗಳ ಮಾತು ಆಮೇಲೆ. ಟ್ರೇಗರ್ ಮತ್ತು ಸ್ಮಿತ್ 1951ರಲ್ಲಿ ಇಂಗ್ಲಿಷಿಗೆ ನಾಲ್ಕು ಹಂತದ ಸ್ವರಾಘಾತವನ್ನು ಗುರುತಿಸಿದ್ದು ಈ ಶಿಸ್ತಿನಲ್ಲೇ.

ಆಸ್ಟಿನ್‌ನ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ಅದೇ ಶಿಸ್ತಿನ ಆರ್ಚಿಬಾಲ್ಡ್ ಹಿಲ್ 1956ರಿಂದ ಇಂಗ್ಲಿಷ್ ವಿಶ್ಲೇಷಣೆಯ ಸಮ್ಮೇಳನಗಳನ್ನು ಕರೆಯುತ್ತ ಬಂದರು. ಅದೇ ವರ್ಷ ಚಾಮ್‌ಸ್ಕಿ, ಹ್ಯಾಲೆ, ಲುಕಾಫ್ ಒಂದು ಲೇಖನದಲ್ಲಿ ಸ್ವರಾಘಾತದ ಹಂತಗಳನ್ನು ವ್ಯಾಕರಣ ರಚನೆಯಿಂದಲೇ ನಿಯಮಗಳ ಮೂಲಕ ಹೊರಡಿಸಬಹುದೆಂದು ತೋರಿಸಿದ್ದರು. ಎದುರು ಪಂಥದವನೆಂದು ಗೊತ್ತಿದ್ದೂ ಹಿಲ್ 1958ರ ಮೇ ತಿಂಗಳ ಸಮ್ಮೇಳನಕ್ಕೆ ಚಾಮ್‌ಸ್ಕಿಯನ್ನು ಆಹ್ವಾನಿಸಿದರು. ಅಲ್ಲಿನ ಪ್ರಬಂಧಗಳನ್ನು ಚರ್ಚೆಯನ್ನೂ ಸೇರಿಸಿ 1962ರಲ್ಲಿ ಮುದ್ರಿಸಿದರು. ಈ ವಿದ್ವತ್ ಔದಾರ್ಯಕ್ಕೆ ಇತಿಹಾಸಕಾರರು ಸಲ್ಲಿಸಿದ ಗೌರವ ಸಾಲದು. ಧ್ವನಿರಚನೆಯನ್ನೇ ಕೈಗೆತ್ತಿಕೊಂಡ 1959ರ ಸಮ್ಮೇಳನದ ಪ್ರಬಂಧಗಳು ಮಾತ್ರ ಅಚ್ಚಾಗಲಿಲ್ಲ. ಈ ಹೊಸ ಪಂಥ ಕಟ್ಟುತ್ತಿದ್ದ ಉತ್ಪಾದಕ ಧ್ವನಿಮಾ ವಿಜ್ಞಾನದ ಚರಿತ್ರೆಗೆ ಇದು ದೊಡ್ಡ ನಷ್ಟ.

ಈ ಕಥೆಯನ್ನು ಹಳಬರ ಸೋಲು, ಹೊಸಬರ ಗೆಲುವು ಎಂದು ಹೇಳುವುದು ವಾಡಿಕೆ. ರಚನಾವಾದಿಗಳಲ್ಲೇ ಒಬ್ಬರಾದ ಕೆನೆತ್ ಪೈಕ್ ಆ ಚೌಕಟ್ಟಿಗೆ ಒಗ್ಗುವುದಿಲ್ಲ. ವ್ಯಾಕರಣದ ನೆರವಿಲ್ಲದೆ ಧ್ವನಿಮಾ ವಿಶ್ಲೇಷಣೆ ಸಾಗದೆಂದು ಅವರು 1947ರಲ್ಲೇ ವಾದಿಸಿದ್ದರು. ಆದರೆ ಧ್ವನಿಮಾವನ್ನು ಬಿಟ್ಟುಕೊಡಲಿಲ್ಲ; ಲಿಪಿಯಿಲ್ಲದ ಭಾಷೆಗಳಿಗೆ ಅಕ್ಷರಮಾಲೆ ಕಟ್ಟುವವರಿಗೆ ಅದು ಅನಿವಾರ್ಯ. 1959ರಲ್ಲಿ ಆಸ್ಟಿನ್‌ನ ‘ಟೆಕ್ಸಾಸ್ ಕ್ವಾರ್ಟರ್ಲಿ’ಯಲ್ಲಿ ಅವರು ಭಾಷೆಯನ್ನು ಕಣ, ಅಲೆ, ಕ್ಷೇತ್ರ ಎಂದು ಮೂರು ದೃಷ್ಟಿಗಳಿಂದ ನೋಡಿದರು. ಬಿಡಿ ಧ್ವನಿಗಳು ಕಣ; ಒಂದು ಇನ್ನೊಂದರೊಳಗೆ ಹರಿಯುವುದು ಅಲೆ; ಪರಸ್ಪರ ಸಂಬಂಧಗಳ ವ್ಯವಸ್ಥೆ ಕ್ಷೇತ್ರ. ಅವರು ದಶಕಗಳ ಕಾಲ ಮುನ್ನಡೆಸಿದ ಸಮ್ಮರ್ ಇನ್‌ಸ್ಟಿಟ್ಯೂಟ್ ಆಫ್ ಲಿಂಗ್ವಿಸ್ಟಿಕ್ಸ್ ಡಲ್ಲಾಸ್‌ನಲ್ಲಿ ಕೇಂದ್ರ ಕಟ್ಟಿಕೊಂಡಿತು. 2000ದ ಡಿಸೆಂಬರ್ 31ರಂದು ಅದೇ ಊರಿನಲ್ಲಿ ಪೈಕ್ ತೀರಿಕೊಂಡರು.

ಮೂರನೆಯ ಧಾರೆ ಹ್ಯೂಸ್ಟನ್ನಿನದು. ಅದರ ಬೇರು ರಷ್ಯನ್ನಿನ ಕುರಿತ ಒಂದು ವಾಗ್ವಾದದಲ್ಲಿದೆ. ರಷ್ಯನ್ ಭಾಷೆಯಲ್ಲಿ ಗ, ದ, ಬಗಳಂಥ ಘೋಷ ವ್ಯಂಜನದ ಮುಂಚೆ ಬರುವ ಅಘೋಷ ವ್ಯಂಜನ ತಾನೂ ಘೋಷವಾಗುತ್ತದೆ. ತಕಾರಕ್ಕೆ ಘೋಷ ಜೋಡಿಯಾಗಿ ದಕಾರದ ಧ್ವನಿಮಾ ಇದೆ. ಚಕಾರಕ್ಕೆ ಅಂಥ ಜೋಡಿಯಿಲ್ಲ. ಹೀಗಾಗಿ ಧ್ವನಿಮಾ ಸ್ತರವನ್ನು ಒಪ್ಪಿದರೆ ಒಂದೇ ಬದಲಾವಣೆಯನ್ನು ಎರಡು ಕಡೆ, ಧ್ವನಿಮಾಗಳ ನಡುವೆ ಒಮ್ಮೆ, ಉಚ್ಚಾರಣೆಯಲ್ಲಿ ಇನ್ನೊಮ್ಮೆ, ಹೇಳಬೇಕಾಗುತ್ತದೆ ಎಂಬುದು 1959ರ ಹ್ಯಾಲೆಯ ಆಕ್ಷೇಪ. ಘೋಷವನ್ನೇ ಬಿಡಿ ಘಟಕವಾಗಿ ಎಣಿಸಿದರೆ ಸ್ತರವೂ ಉಳಿಯುತ್ತದೆ, ವಿವರಣೆಯೂ ಒಂದೇ ಆಗುತ್ತದೆ ಎಂದು ಸಿಡ್ನಿ ಲ್ಯಾಂಬ್ 1966ರಲ್ಲಿ ಉತ್ತರಿಸಿದರು. ಆ ಉತ್ತರವನ್ನು ಆಕ್ಷೇಪದಷ್ಟೇ ಗಂಭೀರವಾಗಿ ಓದಬೇಕಿತ್ತು. 1980ರ ದಶಕದಲ್ಲಿ ಹ್ಯೂಸ್ಟನ್ನಿನ ರೈಸ್ ವಿಶ್ವವಿದ್ಯಾಲಯಕ್ಕೆ ಬಂದ ಲ್ಯಾಂಬ್, 1999ರ ‘ಪಾಥ್‌ವೇಸ್ ಆಫ್ ದ ಬ್ರೇನ್’ನಲ್ಲಿ ಭಾಷೆಯನ್ನು ಮಿದುಳಿನ ಸಂಬಂಧಜಾಲವಾಗಿ ವಿವರಿಸಿದರು. ಈ ಮಾದರಿಯಲ್ಲಿ ನೋಡಿದರೆ ‘ಮಳೆಗಾಲ’ದಲ್ಲಿ ಕಕಾರವನ್ನು ಅಳಿಸಿ ಗಕಾರ ಬರೆಯುವ ನಿಯಮವಿಲ್ಲ, ‘ಕಾಲ’ದ ಆದಿಗೆ ಎರಡು ದಾರಿಗಳಿವೆ, ಸಮಾಸದ ಸಂಪರ್ಕ ಒಂದನ್ನು ತೆರೆಯುತ್ತದೆ.

ಅಷ್ಟರಲ್ಲಿ ಆಸ್ಟಿನ್ ಬೇರೆ ಹಾದಿ ಹಿಡಿದಿತ್ತು. ಅಲ್ಲಿ ಪೀಟರ್ ಮ್ಯಾಕ್‌ನೀಲೇಜ್ ಮತ್ತು ಬಾರ್ಬರಾ ಡೇವಿಸ್ ಶಿಶುಗಳ ತೊದಲನ್ನು ಅಭ್ಯಸಿಸಿ, ದವಡೆ ಮುಚ್ಚಿ ತೆರೆಯುವ ಲಯವೇ ಅಕ್ಷರದ (ಸಿಲಬಲ್) ಚೌಕಟ್ಟು, ವ್ಯಂಜನ ಸ್ವರಗಳು ಅದರೊಳಗೆ ಬರಬರುತ್ತ ತುಂಬಿಕೊಳ್ಳುತ್ತವೆ ಎಂದು ವಾದಿಸಿದರು.