ಹಗಲಿಗೆ ಸೂರ್ಯ, ಸಂಜೆಗೆ ಯಾರು? ರಾಜ್ಯದ ವಿದ್ಯುತ್ ಲೆಕ್ಕಾಚಾರ

ದೇಶದ ವಿದ್ಯುತ್ ಇತಿಹಾಸದಲ್ಲಿ ಕರ್ನಾಟಕಕ್ಕೆ ಹಿರಿಯ ಸ್ಥಾನವಿದೆ. 1902ರಲ್ಲಿ ಶಿವನಸಮುದ್ರದ ಜಲವಿದ್ಯುತ್ ಕೇಂದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿದೀಪಗಳು ಬೆಳಗಿದವು. ಅಂದು ಒಂದು ಜಲಪಾತವೇ ಸಾಕಾಗಿತ್ತು. 2024ರ ಬೇಸಿಗೆಯಲ್ಲಿ ರಾಜ್ಯದ ಗರಿಷ್ಠ ಬೇಡಿಕೆ 17 ಸಾವಿರ ಮೆಗಾವ್ಯಾಟ್ ದಾಟಿತು.

ನೀರು, ಕಲ್ಲಿದ್ದಲು: 1,035 ಮೆಗಾವ್ಯಾಟ್ ಸಾಮರ್ಥ್ಯದ ಶರಾವತಿ ವಿದ್ಯುದಾಗಾರವು ಇಂದಿಗೂ ಅಗ್ಗದ ವಿದ್ಯುತ್ತಿನ ಆಸರೆ. ಆದರೆ ಅದು ಮುಂಗಾರಿನ ಮರ್ಜಿಗೆ ಒಳಪಟ್ಟಿದೆ. 2023ರಲ್ಲಿ ಮಳೆ ಕೈಕೊಟ್ಟಾಗ, ಖಾಸಗಿ ಉತ್ಪಾದಕರು ರಾಜ್ಯಕ್ಕೇ ವಿದ್ಯುತ್ ಪೂರೈಸಬೇಕೆಂದು ಸರ್ಕಾರ ಆದೇಶಿಸಬೇಕಾಯಿತು. 1,720 ಮೆಗಾವ್ಯಾಟ್‌ನ ರಾಯಚೂರು ಶಾಖೋತ್ಪನ್ನ ಕೇಂದ್ರಕ್ಕೆ ಕಲ್ಲಿದ್ದಲು ಹೊರರಾಜ್ಯಗಳಿಂದ ಬರಬೇಕು. ಹೊಗೆ ಮತ್ತು ಹಾರುಬೂದಿ ಮಾತ್ರ ಸ್ಥಳೀಯರ ಪಾಲು.

ಪಾವಗಡದ ಮಾದರಿ: ತುಮಕೂರು ಜಿಲ್ಲೆಯ ಬರಪೀಡಿತ ಪಾವಗಡ ತಾಲ್ಲೂಕಿನ ಸುಮಾರು 13 ಸಾವಿರ ಎಕರೆಯಲ್ಲಿ 2,050 ಮೆಗಾವ್ಯಾಟ್‌ನ ಸೌರ ಉದ್ಯಾನ ತಲೆಯೆತ್ತಿದೆ. ಭೂಮಿಯನ್ನು ಸ್ವಾಧೀನಪಡಿಸಿಕೊಳ್ಳದೆ ಗುತ್ತಿಗೆಗೆ ಪಡೆದದ್ದು ಇದರ ವೈಶಿಷ್ಟ್ಯ. ಎಕರೆಗೆ ವಾರ್ಷಿಕ 21 ಸಾವಿರ ರೂಪಾಯಿ ಬಾಡಿಗೆ ನಿಗದಿಯಾಗಿ, ಒಡೆತನ ರೈತರಲ್ಲಿಯೇ ಉಳಿಯಿತು. ಆದರೆ ಅದೇ ಹೊಲಗಳಲ್ಲಿ ದುಡಿಯುತ್ತಿದ್ದ ಭೂರಹಿತ ಕೂಲಿಕಾರರಿಗೆ ಈ ಬಾಡಿಗೆ ದೊರೆಯದು.

ಸಂಜೆಯ ಕೊರತೆ: ಸೂರ್ಯ ಮುಳುಗಿದೊಡನೆ ಸೌರ ವಿದ್ಯುತ್ ನಿಲ್ಲುತ್ತದೆ, ಮನೆ, ಅಂಗಡಿಗಳ ಬಳಕೆ ಏರುವುದು ಆಗಲೇ. ಹೀಗಾಗಿ ಉತ್ಪಾದನೆಯಷ್ಟೇ ಸಂಗ್ರಹವೂ ಮುಖ್ಯವಾಗಿದೆ. ತಳಕಳಲೆ ಮತ್ತು ಗೇರುಸೊಪ್ಪ ಜಲಾಶಯಗಳ ನಡುವೆ ಪ್ರಸ್ತಾಪಿಸಲಾಗಿರುವ 2,000 ಮೆಗಾವ್ಯಾಟ್‌ನ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆಯ ಉದ್ದೇಶ ಇದೇ. ವಿದ್ಯುತ್ ಹೆಚ್ಚಿರುವಾಗ ನೀರನ್ನು ಮೇಲೆತ್ತಿ, ಕೊರತೆಯಾದಾಗ ಕೆಳಗೆ ಹರಿಸಿ ವಿದ್ಯುತ್ ಪಡೆಯುವ ವಿಧಾನವಿದು. ಎತ್ತಲು ವ್ಯಯವಾದ ವಿದ್ಯುತ್ತಿನಲ್ಲಿ ಮುಕ್ಕಾಲು ಭಾಗದಷ್ಟು ಮರಳಿ ದೊರೆಯುತ್ತದೆ. ಆದರೆ ಈ ಪ್ರದೇಶ ಸಿಂಗಳೀಕಗಳ ಅಭಯಾರಣ್ಯ. 50 ಹೆಕ್ಟೇರ್‌ಗೂ ಹೆಚ್ಚು ಅರಣ್ಯಭೂಮಿ ಬೇಕಾಗುತ್ತದೆಂಬ ಕಾರಣಕ್ಕೆ ಪರಿಸರವಾದಿಗಳು ವಿರೋಧಿಸಿದ್ದಾರೆ. ಶರಾವತಿಯ ಹಿಂದಿನ ಯೋಜನೆಗಳಿಂದ ಮುಳುಗಡೆಯಾದ ಕುಟುಂಬಗಳ ಭೂಹಕ್ಕಿನ ಬೇಡಿಕೆಯೂ ದಶಕಗಳಿಂದ ಜೀವಂತವಾಗಿದೆ.

ಪರ್ಯಾಯಗಳು: ಕೃಷಿ ಪಂಪ್‌ಸೆಟ್‌ಗಳಿಗೆ ಹಗಲಿನಲ್ಲಿಯೇ ಸೌರ ವಿದ್ಯುತ್ ಒದಗಿಸಿದರೆ ರಾತ್ರಿಯ ಹೊರೆ ತಗ್ಗುತ್ತದೆ. ಕುಸುಮ್ ಯೋಜನೆಯ ಫೀಡರ್ ಸೌರೀಕರಣದ ಗುರಿ ಇದೇ. ಬ್ಯಾಟರಿ ಸಂಗ್ರಹಾಗಾರಗಳು, ನಗರದ ಮನೆಗಳ ತಾರಸಿ ಘಟಕಗಳು, ಬಳಕೆಯಲ್ಲಿ ಮಿತವ್ಯಯ ಇವೂ ಕಾಡು ಕೇಳದ ದಾರಿಗಳು.

ವಿದ್ಯುತ್ ಬಳಸುವವರು ಹೆಚ್ಚಾಗಿ ನಗರದಲ್ಲಿದ್ದಾರೆ. ಅದಕ್ಕಾಗಿ ನೆಲ, ನೀರು, ಕಾಡು ಬಿಟ್ಟುಕೊಡುವವರು ಬೇರೆಡೆ ಇದ್ದಾರೆ. ಈ ಅಂತರವನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಯಾವ ಯೋಜನೆಯನ್ನೂ ಸುಸ್ಥಿರವೆನ್ನಲಾಗದು.