ಕಿವಿಹಾಲೆಯ ಗಂಟು

ಮೃದ್ವಸ್ಥಿಯಿಲ್ಲದೆ ಕೊಬ್ಬು ಮತ್ತು ನಾರು ಅಂಗಾಂಶಗಳಿಂದ ಕೂಡಿದ ಕಿವಿಯ ಹಾಲೆಯಲ್ಲಿ ಕಾಣಿಸಿಕೊಳ್ಳುವ ಗಂಟುಗಳು ಬಹುಮಟ್ಟಿಗೆ ಅಪಾಯಕಾರಿಯಲ್ಲ. ಇವುಗಳಲ್ಲಿ ಸಾಮಾನ್ಯವಾದುದು ಎಪಿಡರ್ಮಾಯ್ಡ್ ಸಿಸ್ಟ್, ಅಂದರೆ ಮೇಲ್ಚರ್ಮದ ಜೀವಕೋಶಗಳು ಒಳಗೆ ಸಿಲುಕಿ, ಕೆರಟಿನ್ ಎಂಬ ಪ್ರೋಟೀನು ತುಂಬಿಕೊಂಡು ನಿಧಾನವಾಗಿ ಬೆಳೆಯುವ ಚೀಲ. ಇದರ ನೆತ್ತಿಯಲ್ಲಿ ಅನೇಕ ವೇಳೆ ಸಣ್ಣ ಕಪ್ಪು ಚುಕ್ಕೆಯಿದ್ದು, ಒಡೆದಾಗ ದುರ್ವಾಸನೆಯ ಬಿಳಿ ಮುದ್ದೆ ಹೊರಬರುತ್ತದೆ. ಕಿವಿ ಚುಚ್ಚಿಸಿದ ಕೆಲವು ತಿಂಗಳ ಬಳಿಕ ಗಾಯದ ಎಲ್ಲೆ ಮೀರಿ ಗಟ್ಟಿಯಾಗಿ ಉಬ್ಬುವ ಕೀಲಾಯ್ಡ್ ಬೇರೆಯದೇ ತೊಂದರೆ: ಗಾಯ ಮಾಯುವಾಗ ಕೊಲಾಜನ್ ಎಂಬ ನಾರು ಅತಿಯಾಗಿ ಉತ್ಪತ್ತಿಯಾಗುವುದರಿಂದ ಉಂಟಾಗುವ ಇದು ಗಾಢ ಮೈಬಣ್ಣದವರಲ್ಲಿ ಹೆಚ್ಚು, ಮನೆಮದ್ದಿಗೆ ಬಗ್ಗುವುದಿಲ್ಲ, ಬರಿದೆ ಕತ್ತರಿಸಿದರೆ ಮತ್ತೆ ಬೆಳೆಯುವುದೂ ಉಂಟಾದ್ದರಿಂದ ಸ್ಟೀರಾಯ್ಡ್ ಚುಚ್ಚುಮದ್ದನ್ನೂ ಕೊಡುವುದು ವಾಡಿಕೆ. ನಿಕ್ಕಲ್ ಬೆರೆತ ಓಲೆಗಳ ಅಲರ್ಜಿಯಿಂದಲೂ ಹಾಲೆ ತುರಿಸಿ ಊದಿಕೊಳ್ಳಬಹುದು.

ಸಿಸ್ಟ್ ನೋಯುತ್ತಿದ್ದರೆ, ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಶುಭ್ರ ಬಟ್ಟೆಯಿಂದ ದಿನಕ್ಕೆ 3–4 ಬಾರಿ, ಪ್ರತಿಸಲ 10–15 ನಿಮಿಷ, ಹದವಾದ ಶಾಖ ಕೊಡುವುದೇ ಮನೆಯಲ್ಲಿ ಮಾಡಬಹುದಾದ ಸುರಕ್ಷಿತ ಉಪಚಾರ. ಹಿಸುಕುವುದು, ಸೂಜಿಯಿಂದ ಚುಚ್ಚುವುದು ಸರ್ವಥಾ ಸಲ್ಲದು, ಏಕೆಂದರೆ ಚೀಲ ಒಳಗೇ ಒಡೆದು ಉರಿಯೂತ ಹರಡುತ್ತದೆ. ಸುಣ್ಣ ಹಚ್ಚಿದರೆ ತೆಳು ಚರ್ಮ ಸುಡುತ್ತದೆ. ಕೀವು, ಜ್ವರ, ಹಬ್ಬುವ ಕೆಂಪು ಅಥವಾ ಗಂಟಿನ ತ್ವರಿತ ಬೆಳವಣಿಗೆ ಕಂಡುಬಂದರೆ ವೈದ್ಯರ ಬಳಿ ಹೋಗುವುದು ಅಗತ್ಯ. ಚೀಲದ ಗೋಡೆಯನ್ನು ಪೂರ್ಣವಾಗಿ ತೆಗೆಯದಿದ್ದಲ್ಲಿ ಸಿಸ್ಟ್ ಮರುಕಳಿಸುವ ಸಾಧ್ಯತೆ ಇರುತ್ತದೆ.